ತೊಡೆ ಹಿಂದಿನ ಬಿಗಿತ ಮತ್ತು ಗಾಲ್ಫ್ ಸ್ವಿಂಗ್: ಎಷ್ಟು ಎಳೆದರೂ ಸಡಿಲ ಆಗುತ್ತಿಲ್ಲ, ಏನು ಮಾಡಲಿ?

ಡಬಲ್‌ಬೋಗಿ_ಬೆಂಗಳೂರು
ವಯಸ್ಸು 46. ಐಟಿ ಕೆಲಸ. ದಿನವಿಡೀ ಕುರ್ಚಿ, ಅದು ಸಾಲದು ಅಂತ ಔಟರ್ ರಿಂಗ್ ರೋಡ್ ಟ್ರಾಫಿಕ್. ಭಾನುವಾರ ಬೆಳಿಗ್ಗೆ ಒಂದು ರೌಂಡ್ ಗಾಲ್ಫ್. ಬಲಗೈ ಆಟ, ಹ್ಯಾಂಡಿಕ್ಯಾಪ್ 19, ಅಂದರೆ ಸಾಧಾರಣ ಆಟಗಾರ.

ಎರಡೂ ತೊಡೆಯ ಹಿಂಭಾಗ ಸದಾ ಹಿಡಿದುಕೊಂಡಿರುತ್ತದೆ. ಮಂಡಿ ಮಡಚದೆ ಬಗ್ಗಿದರೆ ಕೈ ಮಂಡಿಯಿಂದ ಒಂದು ಗೇಣು ಕೆಳಗೆ ಹೋಗಿ ನಿಲ್ಲುತ್ತದೆ. ಕೋಚ್ ವಿಡಿಯೊ ತೆಗೆದು ತೋರಿಸಿದರು. ಡೌನ್‌ಸ್ವಿಂಗ್‌ನಲ್ಲಿ (ಕ್ಲಬ್ ಮೇಲಿನಿಂದ ಚೆಂಡಿನತ್ತ ಇಳಿಯುವಾಗ) ನನ್ನ ಸೊಂಟ ಚೆಂಡಿನ ಕಡೆಗೆ ನುಗ್ಗುತ್ತದೆ, ಮೈ ನೆಟ್ಟಗಾಗಿಬಿಡುತ್ತದೆ. ಇದಕ್ಕೆ ಅರ್ಲಿ ಎಕ್ಸ್‌ಟೆನ್ಷನ್ ಅನ್ನುತ್ತಾರಂತೆ. ಫಲ ಏನು ಅಂದರೆ ಒಂದು ಶಾಟ್ ಬಲಕ್ಕೆ, ಇನ್ನೊಂದು ಹುಕ್ (ಎಡಕ್ಕೆ ತಿರುಗುವುದು), ಮಧ್ಯೆ ಮಧ್ಯೆ ಶ್ಯಾಂಕ್ (ಕ್ಲಬ್‌ನ ಕತ್ತಿಗೆ ತಾಗಿ ಚೆಂಡು ಪಕ್ಕಕ್ಕೆ ಹಾರುವುದು). "ಹ್ಯಾಮ್‌ಸ್ಟ್ರಿಂಗ್ ಸಡಿಲ ಮಾಡಿಕೊಂಡು ಬನ್ನಿ" ಅಂದರು ಅಷ್ಟೇ. ಹೇಗೆ ಅಂತ ಹೇಳಲಿಲ್ಲ.

ಅವತ್ತಿನಿಂದ ಬೆಳಿಗ್ಗೆ ಸಂಜೆ ಸ್ಟ್ರೆಚ್ ಮಾಡುತ್ತಿದ್ದೇನೆ. ಮಾಡಿದ ತಕ್ಷಣ ಹಗುರ, ಮಾರನೇ ದಿನ ಮತ್ತೆ ಅದೇ ಕಥೆ. ನಿಮ್ಮಲ್ಲಿ ಯಾರಿಗಾದರೂ ಸರಿಹೋಗಿದೆಯಾ?

ಸೋಫಾಸ್ಪೋರ್ಟ್ಸ್
ಬಗ್ಗಲು ತೊಂದರೆ ಇದ್ದರೆ ಕ್ಯಾಡಿಗೆ ಚೆಂಡು ಎತ್ತಿಕೊಡಲು ಹೇಳಿ. ಸಮಸ್ಯೆ ಮುಗಿಯಿತು.

ಬಂಕರ್‌ಭಟ್ಟ
ನಗಬೇಡಿ ಸ್ವಾಮಿ. ನನಗೂ ಇದೇ ಕಾಟ ಇತ್ತು. ಹಬೆಯಾಡುವ ಬಿಸಿನೀರು, ಎಳ್ಳೆಣ್ಣೆ ಹಚ್ಚಿ ತಿಕ್ಕಿ ಸ್ನಾನ. ಶನಿವಾರ ರಾತ್ರಿ ಹೀಗೆ ಮಾಡಿದರೆ ಭಾನುವಾರ ಕಾಲು ರೆಕ್ಕೆ ಬಂದ ಹಾಗಿರುತ್ತದೆ. ನಮ್ಮಜ್ಜಿ ಹೇಳಿಕೊಟ್ಟಿದ್ದು. ಯಾವ ಫಿಸಿಯೋನೂ ಬೇಡ.

ಫಿಸಿಯೋ_ಶಿವಮೊಗ್ಗ
ಭಟ್ಟರೇ, ಎಣ್ಣೆಸ್ನಾನ ಹಾಯಾಗಿರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಆ ಹಗುರ ಸ್ವಲ್ಪ ಹೊತ್ತಿನದು. ಫೋಮ್ ರೋಲರ್ ಮೇಲೆ ಉರುಳಾಡುವುದೂ ಹಾಗೇ. ಅರ್ಧ ಗಂಟೆಯೊಳಗೆ ಪರಿಣಾಮ ಹೆಚ್ಚುಕಡಿಮೆ ಇಳಿದುಹೋಗುತ್ತದೆ.

ಡಬಲ್‌ಬೋಗಿ ಸರ್, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಹ್ಯಾಮ್‌ಸ್ಟ್ರಿಂಗ್ ಅಂದರೆ ಒಂದು ಸ್ನಾಯು ಅಲ್ಲ, ಮೂರು. ಬೈಸೆಪ್ಸ್ ಫೆಮೋರಿಸ್, ಸೆಮಿಟೆಂಡಿನೋಸಸ್, ಸೆಮಿಮೆಂಬ್ರನೋಸಸ್. ಕೂತಾಗ ಕುರ್ಚಿಗೆ ಒತ್ತುತ್ತದಲ್ಲ, ಕುಂಡಿಯ ಕೆಳಗಿನ ಆ ಮೂಳೆಯಿಂದ ಶುರುವಾಗಿ ಮಂಡಿ ದಾಟಿ ಕೆಳಗೆ ಅಂಟಿಕೊಳ್ಳುತ್ತವೆ. ಬೈಸೆಪ್ಸ್‌ನ ಗಿಡ್ಡ ಕವಲು ಮಾತ್ರ ತೊಡೆಮೂಳೆಯಿಂದಲೇ ಹೊರಡುತ್ತದೆ. ಉಳಿದವು ಹಿಪ್ ಮತ್ತು ಮಂಡಿ, ಎರಡೂ ಕೀಲುಗಳನ್ನು ಹಾಯುತ್ತವೆ. ಚೆಂಡಿನ ಮುಂದೆ ನಿಂತು ಬಾಗಿದಾಗ ಇವು ಬಿಟ್ಟುಕೊಡದಿದ್ದರೆ ಪೆಲ್ವಿಸ್ (ಸೊಂಟದ ಮೂಳೆಗೂಡು) ಮುಂದಕ್ಕೆ ವಾಲುವುದಿಲ್ಲ. ಆ ಬಾಗನ್ನು ಬೆನ್ನು ಕೊಡಬೇಕಾಗುತ್ತದೆ. ಬೆನ್ನು ಗೂನಾಗುತ್ತದೆ. ಗೂನು ಬೆನ್ನಲ್ಲಿ ತಿರುಗುವುದು ಕಷ್ಟ, ಹಾಗಾಗಿ ದೇಹ ಮೇಲೆದ್ದು ಜಾಗ ಮಾಡಿಕೊಳ್ಳುತ್ತದೆ. ನಿಮ್ಮ ಕೋಚ್ ಹೇಳಿದ್ದರ ಹಿಂದಿನ ಲೆಕ್ಕ ಇದು.

ಆದರೆ ಬಿಗಿ ಅನ್ನಿಸಿದ ಮಾತ್ರಕ್ಕೆ ಸ್ನಾಯು ಗಿಡ್ಡ ಆಗಿದೆ ಅಂತಲ್ಲ. ಮೂರು ಬೇರೆ ಬೇರೆ ಕಾರಣಕ್ಕೆ ಒಂದೇ ರೀತಿಯ ಬಿಗಿತ ಬರಬಹುದು. ನಿಜವಾಗಿಯೂ ಸ್ನಾಯು ಚಾಚುವುದಿಲ್ಲ, ಅದು ಒಂದು. ಬೆನ್ನಿನಿಂದ ಕಾಲಿಗೆ ಇಳಿಯುವ ಸಯಾಟಿಕ್ ನರ ಎಲ್ಲೋ ಕಿರಿಕಿರಿ ಆಗಿದೆ, ಅದನ್ನು ಎಳೆದಾಗ ಬಿಗಿ ಅನ್ನಿಸುತ್ತದೆ. ಇನ್ನೊಂದು, ಸ್ನಾಯು ದುರ್ಬಲ, ಚಾಚಿದ ಸ್ಥಿತಿಯಲ್ಲಿ ಭಾರ ಹೊರುವ ತಾಕತ್ತಿಲ್ಲ, ಅದಕ್ಕೆ ಮೊದಲೇ ಬಿಗಿಹಿಡಿದು ಕಾಪಾಡಿಕೊಳ್ಳುತ್ತದೆ. ಈ ಕೊನೆಯದೇ ಕುರ್ಚಿ ಕೆಲಸದವರಲ್ಲಿ ನಾನು ಜಾಸ್ತಿ ನೋಡುವುದು.

ಮನೆಯಲ್ಲೇ ನೋಡಿಕೊಳ್ಳಿ. ಅಂಗಾತ ಮಲಗಿ, ಒಂದು ತೊಡೆ ನೆಟ್ಟಗೆ ಮೇಲಕ್ಕೆ ಎತ್ತಿ 90 ಡಿಗ್ರಿಯಲ್ಲಿ ಕೈಯಿಂದ ಹಿಡಿದುಕೊಳ್ಳಿ. ಈಗ ಮಂಡಿ ಬಿಡಿಸಿ. ಪೂರ್ತಿ ನೆಟ್ಟಗಾಗಲು ಸುಮಾರು 20 ಡಿಗ್ರಿಗಿಂತ ಜಾಸ್ತಿ ಬಾಕಿ ಉಳಿದರೆ ಬಿಗಿ ಅನ್ನಬಹುದು. ಆಮೇಲೆ ಕುರ್ಚಿ ತುದಿಯಲ್ಲಿ ಬೆನ್ನು ಕುಗ್ಗಿಸಿ, ತಲೆ ಬಗ್ಗಿಸಿ ಕೂತು, ಒಂದು ಕಾಲು ಚಾಚಿ, ಪಾದ ನಿಮ್ಮ ಕಡೆ ಎಳೆದುಕೊಳ್ಳಿ. ಎಳೆತ ಬಂತಾ? ಈಗ ಬಗ್ಗಿಸಿದ ತಲೆಯನ್ನು ಮಾತ್ರ ಮೇಲೆತ್ತಿ. ಎಳೆತ ತಟ್ಟನೆ ಕಡಿಮೆ ಆದರೆ ನರದ ಮೇಲೆ ಅನುಮಾನ. ಕುತ್ತಿಗೆಗೂ ತೊಡೆಯ ಸ್ನಾಯುವಿಗೂ ನೇರ ನಂಟಿಲ್ಲ, ನರಕ್ಕೆ ಇದೆ.

ಫಲಿತಾಂಶ ಇಲ್ಲಿ ಹಾಕಿ.

ಚಾಮುಂಡಿತಪ್ಪಲು
ಒಳ್ಳೆ ಮಾಹಿತಿ ಮೇಡಂ. ನಾನು ಮೈಸೂರಿನಲ್ಲಿ ಆಡುವವನು, ರೇಸ್‌ಕೋರ್ಸ್ ಪಕ್ಕದ ಕೋರ್ಸ್. ನಮ್ಮಲ್ಲಿ ಗಾಲ್ಫಿಗಿಂತ ಯೋಗದವರು ಜಾಸ್ತಿ. ಪಶ್ಚಿಮೋತ್ತಾನಾಸನ, ಉತ್ತಾನಾಸನ ದಿನಾ ಮಾಡಿದರೆ ಈ ಬಿಗಿತ ತಾನಾಗಿ ಹೋಗುತ್ತದೆ. ಇದಕ್ಕೆ ವಿದೇಶಿ ವ್ಯಾಯಾಮ ಯಾಕೆ?

ಫಿಸಿಯೋ_ಶಿವಮೊಗ್ಗ
ಹೋಗುತ್ತದೆ, ಆದರೆ ಎಲ್ಲರಿಗೂ ಅಲ್ಲ. ಮೈಸೂರಿನವರೇ ಆದ್ದರಿಂದ ನಿಮಗೆ ಗೊತ್ತಿರಬಹುದು, ಅಷ್ಟಾಂಗ ಯೋಗ ಹಟ ಹಿಡಿದು ಮಾಡುವವರಲ್ಲಿ ಕುಂಡಿ ಮೂಳೆಯ ಹತ್ತಿರ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ನೋವು ಸಾಕಷ್ಟು ಕಾಣುತ್ತದೆ. ಬಗ್ಗಿ ಬಗ್ಗಿ ಅದೇ ಜಾಗ ಎಳೆದು ಬರುವ ನೋವು. ಗಟ್ಟಿ ಕುರ್ಚಿಯಲ್ಲಿ ಕೂತರೆ ಚುಚ್ಚುತ್ತದೆ, ಎಳೆದಷ್ಟೂ ಹೆಚ್ಚಾಗುತ್ತದೆ. ಅಂಥವರಿಗೆ ಸ್ಟ್ರೆಚ್ ನಿಲ್ಲಿಸುವುದೇ ಮೊದಲ ಚಿಕಿತ್ಸೆ.

ಮಾಡುವುದಾದರೆ ಸುಪ್ತ ಪಾದಾಂಗುಷ್ಠಾಸನ ಒಳ್ಳೆಯದು. ಮಲಗಿ, ಪಾದಕ್ಕೆ ಬೆಲ್ಟ್ ಹಾಕಿ ಎತ್ತುವುದು. ಬೆನ್ನು ನೆಲಕ್ಕೆ ಅಂಟಿರುವುದರಿಂದ ಗೂನಾಗುವ ಮೋಸ ನಡೆಯುವುದಿಲ್ಲ. ಬೆಲ್ಟು, ಇಟ್ಟಿಗೆ ಇವನ್ನೆಲ್ಲ ಆಸನಕ್ಕೆ ತಂದು ಜಗತ್ತಿಗೆ ಹಬ್ಬಿಸಿದ ಬಿ.ಕೆ.ಎಸ್. ಅಯ್ಯಂಗಾರ್ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು. ವಿದೇಶಿ ಅಲ್ಲ 🙂

ಚಾಮುಂಡಿತಪ್ಪಲು
ಆಯಿತು ಮೇಡಂ, ಬೆಳ್ಳೂರು ಅಂದಮೇಲೆ ನಾನು ಸುಮ್ಮನಾದೆ.

ರೇಂಜ್‌ಮೇಷ್ಟ್ರು
ಕಲಿಸುವವನಾಗಿ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಸೊಂಟ ಮುಂದೆ ನುಗ್ಗಿದ ಪ್ರತಿಯೊಬ್ಬನಿಗೂ "ನಿನ್ನ ಹ್ಯಾಮ್‌ಸ್ಟ್ರಿಂಗ್ ಬಿಗಿ" ಅನ್ನುವುದು ಈಗ ಫ್ಯಾಷನ್ ಆಗಿದೆ. ಟೈಟ್ಲಿಸ್ಟ್‌ನವರ ಟಿಪಿಐ (ಗಾಲ್ಫ್ ಆಟಗಾರರ ದೇಹ ಪರೀಕ್ಷಿಸಿ ತರಬೇತಿ ಕೊಡುವ ಸಂಸ್ಥೆ) 2003ರಲ್ಲಿ ಶುರುವಾದಮೇಲೆ ಕಾಲ್ಬೆರಳು ಮುಟ್ಟುವ ಪರೀಕ್ಷೆ ಎಲ್ಲ ಕಡೆ ಹರಡಿತು. ಒಳ್ಳೆಯದೇ. ಆದರೆ ಅದೊಂದೇ ಅಲ್ಲ ಕಾರಣ.

ಕ್ಲಬ್‌ಫೇಸ್ ತೆರೆದುಕೊಂಡು ಬಂದರೆ, ಅದನ್ನು ಮುಚ್ಚಲು ದೇಹ ನಿಂತುಬಿಡುತ್ತದೆ. ಕ್ಲಬ್ ತುಂಬಾ ಒಳಗಿನಿಂದ ಬಂದರೂ ಹಾಗೇ. ಚೆಂಡಿಗೆ ತೀರಾ ಹತ್ತಿರ ನಿಂತರೆ ಬೇರೆ ದಾರಿಯೇ ಇಲ್ಲ, ಮೇಲೇಳಲೇಬೇಕು. ಯಾರದೋ ಹಳೆ ಸೆಟ್ ಕೊಂಡು ಆಡುವವರಿಗೆ ಕ್ಲಬ್ ಉದ್ದ, ಲೈ ಕೋನ (ಕ್ಲಬ್‌ನ ಕೋಲು ನೆಲಕ್ಕೆ ವಾಲುವ ಕೋನ) ಸರಿಯಿರುವುದಿಲ್ಲ. ಟಾಪ್‌ನಿಂದ ಚೆಂಡಿಗೆ ಬರಲು ಕಾಲು ಸೆಕೆಂಡಿನ ಆಸುಪಾಸು ಸಮಯ. ಅಷ್ಟರಲ್ಲಿ ದೇಹ ತನಗೆ ಗೊತ್ತಿರುವ ದಾರಿ ಹಿಡಿಯುತ್ತದೆ. ತೊಡೆ ಎಷ್ಟೇ ಸಡಿಲ ಇದ್ದರೂ ಆ ದಾರಿ ತಾನಾಗಿ ಬದಲಾಗುವುದಿಲ್ಲ.

ನನ್ನ ಹತ್ತಿರ ಬರುವ ಭರತನಾಟ್ಯದ ಹುಡುಗಿಯೊಬ್ಬಳು ಅಂಗೈ ಪೂರ್ತಿ ನೆಲಕ್ಕಿಡುತ್ತಾಳೆ. ಅವಳಿಗೂ ಅರ್ಲಿ ಎಕ್ಸ್‌ಟೆನ್ಷನ್ ಇದೆ. ಈಗ ಹೇಳಿ.

ಬಂಕರ್‌ಭಟ್ಟ
ಎಣ್ಣೆ ಹಚ್ಚಿಲ್ಲ ಅನ್ನಿಸುತ್ತದೆ.

ಫಿಸಿಯೋ_ಶಿವಮೊಗ್ಗ
ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ, ಅರ್ಧ. ಸಡಿಲ ಇದ್ದರೆ ಸ್ವಿಂಗ್ ತಾನಾಗಿ ಸರಿಹೋಗುವುದಿಲ್ಲ, ನಿಜ. ಆದರೆ ಹಿಪ್‌ನಿಂದ ಬಾಗಲು ಬಾರದವನಿಗೆ ನೀವು ಎಷ್ಟು ಹೇಳಿಕೊಟ್ಟರೂ ಆ ಭಂಗಿ ಸಿಗುವುದಿಲ್ಲ. ಎರಡೂ ಜೊತೆಗೇ ಆಗಬೇಕು.

ನ್ಯೂಜೆರ್ಸಿಗೌಡ
ಇಲ್ಲಿ ಚಳಿಗಾಲದಲ್ಲಿ ಕೋರ್ಸ್ ಮುಚ್ಚುತ್ತಾರೆ, ಏಪ್ರಿಲ್‌ನಲ್ಲಿ ತೆರೆದಾಗ ಮೈಯೆಲ್ಲ ಮರದ ಕೊರಡು. ಅದಕ್ಕೇ ಈ ಥ್ರೆಡ್ ಓದುತ್ತಿದ್ದೇನೆ.

ನನ್ನ ಅನುಭವ: ಕ್ಲಬ್ ಅನ್ನು ಬೆನ್ನಿನ ಉದ್ದಕ್ಕೂ ಹಿಡಿದುಕೊಳ್ಳುವ ಡ್ರಿಲ್ ಇದೆಯಲ್ಲ, ಅದು ನನಗೆ ದಾರಿ ತೋರಿಸಿತು. ಒಂದು ಕೈ ಕುತ್ತಿಗೆ ಹಿಂದೆ, ಒಂದು ಕೈ ಸೊಂಟದ ಹಿಂದೆ. ಕ್ಲಬ್‌ನ ಕೋಲು (ಶಾಫ್ಟ್) ನಿಮ್ಮ ತಲೆ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ ಮೂರಕ್ಕೂ ತಾಗಿರಬೇಕು. ಮಂಡಿ ಸ್ವಲ್ಪ ಸಡಿಲ ಬಿಟ್ಟು ಕುಂಡಿಯನ್ನು ಹಿಂದಕ್ಕೆ ತಳ್ಳುತ್ತಾ ಬಾಗುವುದು. ಒಂದು ಕಡೆ ಶಾಫ್ಟ್ ಬಿಟ್ಟುಹೋದರೂ ಬೆನ್ನು ಮೋಸ ಮಾಡುತ್ತಿದೆ ಅಂತ ಅರ್ಥ. ಗೋಡೆಯಿಂದ ಒಂದು ಅಡಿ ದೂರ ನಿಂತು, ಕುಂಡಿಯಿಂದ ಗೋಡೆ ಮುಟ್ಟಿ ವಾಪಸ್ ಬರುವುದೂ ಇದೇ ಪಾಠ.

ಹೊಸನಗರದ_ಹೆಗಡೆ
ಗೌಡ್ರೇ, ನೀವು ಹೇಳಿದ್ದನ್ನು ನಮ್ಮೂರ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಶಾಫ್ಟ್ ಇಲ್ಲದೆ ಮಾಡುತ್ತಾರೆ. ಕಾಲು ನೆಟ್ಟಗೆ, ಬಾಗು ತೊಡೆಯ ಬುಡದಿಂದ, ಇಡೀ ದಿನ. ನಾವು ನೆಲದ ಮೇಲೆ ಕೂತು ಉಣ್ಣುವುದು ಬಿಟ್ಟಿದ್ದಕ್ಕೇ ಈ ರೋಗ. ಕುಕ್ಕರಗಾಲಲ್ಲಿ ಕೂರುವವನಿಗೆ ತೊಡೆ ಬಿಗಿ ಎಲ್ಲಿಂದ ಬರಬೇಕು?

ಫಿಸಿಯೋ_ಶಿವಮೊಗ್ಗ
ಹೆಗಡೆಯವರೇ, ನಾಟಿ ಉದಾಹರಣೆ ಸರಿಯಾಗಿದೆ. ಆದರೆ ಅವರ ಬೆನ್ನುನೋವಿನ ಕಥೆಯನ್ನೂ ನಾನು ಕ್ಲಿನಿಕ್‌ನಲ್ಲಿ ಕೇಳುತ್ತೇನೆ, ಸುಮ್ನೆ ಹೊಗಳುವುದು ಬೇಡ. ಕುಕ್ಕರಗಾಲಿನ ವಿಷಯ ಮಾತ್ರ ಒಪ್ಪುವುದಿಲ್ಲ. ಕುಕ್ಕರುಗಾಲಲ್ಲಿ ಹಿಪ್ ಮಡಚಿದರೆ ಹ್ಯಾಮ್‌ಸ್ಟ್ರಿಂಗ್ ಚಾಚುತ್ತದೆ, ಮಂಡಿ ಮಡಚಿದರೆ ಅಷ್ಟೇ ಸಡಿಲವಾಗುತ್ತದೆ. ಲೆಕ್ಕ ಸಮ. ಹಿಪ್‌ಗೆ, ಪಾದದ ಕೀಲಿಗೆ ಒಳ್ಳೆಯದು, ಈ ಬಿಗಿತಕ್ಕೆ ಅದು ಮದ್ದಲ್ಲ.

ಸೋಫಾಸ್ಪೋರ್ಟ್ಸ್
ಒಟ್ಟಿನಲ್ಲಿ ಶ್ರೀಮಂತರ ಆಟಕ್ಕೆ ಬಡವರ ಗದ್ದೆ ಕೆಲಸ ಉದಾಹರಣೆ. ಚೆನ್ನಾಗಿದೆ.

ಕ್ಯಾಡಿಮಗ
ಶ್ರೀಮಂತರ ಆಟ ಅಂತ ಎಲ್ಲ ಥ್ರೆಡ್‌ನಲ್ಲೂ ಯಾರಾದರೂ ಬಂದು ಹೇಳಿಯೇ ಹೇಳುತ್ತೀರಿ. ಬಿಡದಿ ಹತ್ತಿರ ಈಗಲ್ಟನ್ ಗಾಲ್ಫ್ ರೆಸಾರ್ಟ್ ಪಕ್ಕದ ಹಳ್ಳಿಯ ಹುಡುಗ ಚಿಕ್ಕರಂಗಪ್ಪ ಪ್ರೊ ಆಗಿ ಟೂರ್ನಮೆಂಟ್ ಗೆದ್ದಿಲ್ಲವಾ? ನಮ್ಮಪ್ಪ ಕ್ಯಾಡಿ. 18 ಹೋಲ್ ಅಂದರೆ ಎಂಟು ಹತ್ತು ಕಿಲೋಮೀಟರ್ ನಡಿಗೆ, ಹೆಗಲ ಮೇಲೆ ಬ್ಯಾಗ್. ಅವರಿಗೆ ಹ್ಯಾಮ್‌ಸ್ಟ್ರಿಂಗ್ ಅನ್ನುವ ಹೆಸರು ಗೊತ್ತಿಲ್ಲ, ಬಿಗಿತವೂ ಇಲ್ಲ. ಸಾಹೇಬರು ಬಗ್ಗಿ ಗಾಡಿಯಲ್ಲಿ ಕೂತು ಬರುತ್ತಾರೆ, ಇಳಿದು ಡ್ರೈವರ್ ಕ್ಲಬ್ ಬೀಸುತ್ತಾರೆ, ಬೆನ್ನು ಹಿಡಿಯಿತು ಅನ್ನುತ್ತಾರೆ.

ಡಬಲ್‌ಬೋಗಿ_ಬೆಂಗಳೂರು
ಕ್ಯಾಡಿಮಗ ಬ್ರದರ್, ಬಗ್ಗಿ ವಿಷಯ ನನಗೇ ಹೇಳಿದಂತಿದೆ 😅 ಮುಂದಿನ ವಾರದಿಂದ ನಡೆದೇ ಆಡುತ್ತೇನೆ.

ಫಿಸಿಯೋ ಮೇಡಂ, ಪರೀಕ್ಷೆ ಮಾಡಿಕೊಂಡೆ. ಹೆಂಡತಿ ಫೋನ್‌ನಲ್ಲಿ ಕೋನ ಅಳೆದಳು. ಎಡಗಾಲಿನಲ್ಲಿ 35 ಡಿಗ್ರಿ ಬಾಕಿ, ಬಲದಲ್ಲಿ 30. ತಲೆ ಎತ್ತಿದರೆ ಏನೂ ಬದಲಾಗಲಿಲ್ಲ. ಕುಂಡಿ ಮೂಳೆಯಲ್ಲಿ ನೋವಿಲ್ಲ, ಜೋಮೂ ಇಲ್ಲ.

ಫಿಸಿಯೋ_ಶಿವಮೊಗ್ಗ
ಹಾಗಾದರೆ ನರದ ಗೊಡವೆ ಸದ್ಯಕ್ಕೆ ಇಲ್ಲ ಅಂದುಕೊಳ್ಳೋಣ. ಇನ್ನೊಂದು ಮಾಡಿ ನೋಡಿ. ಹಿಮ್ಮಡಿ ಕೆಳಗೆ ಒಂದು ಇಂಚು ದಪ್ಪದ ಪುಸ್ತಕ, ಮಂಡಿಗಳ ನಡುವೆ ಸುತ್ತಿದ ಟವೆಲ್. ಟವೆಲ್ ಒತ್ತುತ್ತಾ ಹತ್ತು ಸಲ ಬಗ್ಗಿ. ಆಮೇಲೆ ಪುಸ್ತಕವನ್ನು ಬೆರಳುಗಳ ಕೆಳಗೆ ಇಟ್ಟು ಹತ್ತು ಸಲ. ಪುಸ್ತಕ ತೆಗೆದು ಮತ್ತೆ ಬಗ್ಗಿ. ಐದು ನಿಮಿಷದಲ್ಲಿ ನಾಲ್ಕೈದು ಬೆರಳಷ್ಟು ಕೆಳಗೆ ಹೋದರೆ, ಅಷ್ಟು ಬೇಗ ಸ್ನಾಯು ಉದ್ದ ಆಗಲಿಲ್ಲ ಅಂತ ಗೊತ್ತಾಯಿತಲ್ಲ. ಬಾಗುವ ರೀತಿ ಬದಲಾಯಿತು ಅಷ್ಟೇ.

ಡಬಲ್‌ಬೋಗಿ_ಬೆಂಗಳೂರು
ಈಗಷ್ಟೇ ಮಾಡಿದೆ. ಕೈ ಪಾದದ ಗಂಟಿನವರೆಗೆ ಹೋಯಿತು! ಇದು ಏನು ಮಾಟ?

ಕಾಫಿಬೋಗಿ_ಚಿಕ್ಕಮಗಳೂರು
ನನಗೂ ಹೋಯಿತು. ಆದರೆ ನಾನು ಆರಡಿ ಮೂರಿಂಚು, ಕಾಲು ಉದ್ದ, ಕೈ ಗಿಡ್ಡ. ಹುಟ್ಟಿದಾಗಿನಿಂದ ಬೆರಳು ಮುಟ್ಟಿಲ್ಲ. ಈ ಪರೀಕ್ಷೆ ನಮ್ಮಂಥವರಿಗೆ ಅನ್ಯಾಯ ಅಲ್ವಾ?

ರೇಂಜ್‌ಮೇಷ್ಟ್ರು
ಅನ್ಯಾಯವೇ. ಬೆರಳು ಮುಟ್ಟುವುದಕ್ಕೆ ಯಾರೂ ಟ್ರೋಫಿ ಕೊಡುವುದಿಲ್ಲ. ಐದನೇ ಐರನ್ ಹಿಡಿದು ಬೆನ್ನು ನೇರ ಇಟ್ಟು ನಿಲ್ಲಲು ಬಂದರೆ ಸಾಕು.

ಫಿಸಿಯೋ_ಶಿವಮೊಗ್ಗ
ಈಗ ಕಾರ್ಯಕ್ರಮ. ಡಬಲ್‌ಬೋಗಿ ಸರ್‌ಗೆ ಮಾತ್ರ, ನೋವಿರುವವರು ತೋರಿಸಿಕೊಳ್ಳದೆ ನಕಲು ಮಾಡಬೇಡಿ.

ಸ್ಟ್ರೆಚ್ ಬಿಡಬೇಡಿ, ಆದರೆ ಒಂದು ಸಲಕ್ಕೆ 30 ಸೆಕೆಂಡ್ ಸಾಕು. 60 ಸೆಕೆಂಡ್ ಹಿಡಿದವರಿಗೆ 30ಕ್ಕಿಂತ ಜಾಸ್ತಿ ಲಾಭ ಆಗಲಿಲ್ಲ ಅಂತ 1994ರಷ್ಟು ಹಿಂದೆಯೇ ಪರೀಕ್ಷೆ ಮಾಡಿ ನೋಡಿದ್ದಾರೆ. ಮೊದಲ ಕೆಲವು ವಾರಗಳ ಲಾಭದಲ್ಲಿ ಹೆಚ್ಚಿನದು ಎಳೆತ ತಡೆದುಕೊಳ್ಳುವ ಶಕ್ತಿ ಹೆಚ್ಚುವುದರಿಂದಲೇ ಬರುವುದು. ಅದಕ್ಕೇ ಬಿಟ್ಟರೆ ವಾಪಸ್ ಹೋಗುತ್ತದೆ. ನಿಮ್ಮ "ಮಾರನೇ ದಿನ ಅದೇ ಕಥೆ" ಇದೇ.

ಉಳಿಯಬೇಕಾದರೆ ಚಾಚಿದ ಸ್ಥಿತಿಯಲ್ಲಿ ಭಾರ ಹೊರಿಸಬೇಕು. ರೊಮೇನಿಯನ್ ಡೆಡ್‌ಲಿಫ್ಟ್ ಇದಕ್ಕೆ ರಾಜ. ಗೌಡರು ಹೇಳಿದ ಅದೇ ಬಾಗು, ಕೈಯಲ್ಲಿ ಭಾರ. ಜಿಮ್ ಬೇಡ, ಎರಡು ಐದು ಲೀಟರ್ ಎಣ್ಣೆ ಕ್ಯಾನ್‌ಗೆ ನೀರು ತುಂಬಿ ಶುರು ಮಾಡಿ. ಇಳಿಯುವಾಗ ಮೂರು ಎಣಿಸುತ್ತಾ ನಿಧಾನ. ಬೆನ್ನು ಗೂನಾಗುವ ಮೊದಲೇ ನಿಲ್ಲಿಸಿ, ಮೇಲೆ ಬನ್ನಿ. ಎಂಟು ಸಲ, ಮೂರು ಸುತ್ತು, ವಾರಕ್ಕೆ ಎರಡು ದಿನ. ಹಗುರ ಅನ್ನಿಸಿದಾಗ ಭಾರ ಏರಿಸಲೇಬೇಕು. ಎಣ್ಣೆ ಕ್ಯಾನ್‌ನಲ್ಲೇ ವರ್ಷ ಕಳೆಯಬೇಡಿ.

ಎರಡನೆಯದು, ಟೈಲ್ಸ್ ನೆಲದ ಮೇಲೆ ಅಂಗಾತ ಮಲಗಿ, ಹಿಮ್ಮಡಿ ಕೆಳಗೆ ಹಳೆ ಟವೆಲ್ ಇಟ್ಟು, ಕುಂಡಿ ಎತ್ತಿ, ಹಿಮ್ಮಡಿಯನ್ನು ನಿಧಾನವಾಗಿ ಮುಂದಕ್ಕೆ ಜಾರಿಸುವುದು. ನೋಡಲು ಸುಲಭ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ನನ್ನನ್ನು ಬೈಯುತ್ತೀರಿ.

ಆರೆಂಟು ವಾರ ಕೊಡಿ. ಅದಕ್ಕಿಂತ ಬೇಗ ತೀರ್ಪು ಬೇಡ.

ನ್ಯೂಜೆರ್ಸಿಗೌಡ
ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಬಗ್ಗೆ ಏನು ಹೇಳುತ್ತೀರಿ? ಮಂಡಿಯೂರಿ, ಯಾರಾದರೂ ಪಾದ ಹಿಡಿದುಕೊಂಡು, ಮುಂದಕ್ಕೆ ಬೀಳುತ್ತಾ ತಡೆಯುವುದು. ಫುಟ್‌ಬಾಲ್‌ನಲ್ಲಿ ಗಾಯ ಅರ್ಧಕ್ಕರ್ಧ ಇಳಿಯಿತು ಅಂತ ಓದಿದೆ.

ಫಿಸಿಯೋ_ಶಿವಮೊಗ್ಗ
ಇಳಿದಿರುವುದು ನಿಜ. ಆದರೆ ಅವರು ಓಡುವವರು. 46ರ ಕುರ್ಚಿ ಕೆಲಸದವರಿಗೆ ಮೊದಲ ದಿನವೇ ಅದು ಬೇಡ. ಗಾಲ್ಫ್‌ನಲ್ಲಿ ತೊಡೆ ಹರಿದುಕೊಳ್ಳುವವರು ಕಡಿಮೆ, ಬೆನ್ನು ಕೆಡಿಸಿಕೊಳ್ಳುವವರು ಜಾಸ್ತಿ.

ಬಂಕರ್‌ಭಟ್ಟ
ಬೆನ್ನು ಅಂದರೆ ಟೈಗರ್ ವುಡ್ಸ್ ನೆನಪಾಗುತ್ತಾರೆ. 2017ರಲ್ಲಿ ಬೆನ್ನುಮೂಳೆ ಬೆಸುಗೆ, 2019ರಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದರು. ಅವರ ಹತ್ತಿರ ಎಷ್ಟು ಜನ ಫಿಸಿಯೋ ಇದ್ದರೋ. ನಮ್ಮ ಕ್ಲಬ್‌ನಲ್ಲಿ ಒಬ್ಬ ಟ್ರೇನರ್ ಇದ್ದ. ನನ್ನ ಕಾಲು ಹೆಗಲ ಮೇಲೆ ಹೊತ್ತುಕೊಂಡು "ಉಸಿರು ಬಿಡಿ ಸರ್" ಅನ್ನುತ್ತಾ ತಳ್ಳಿದ. ಟಕ್ ಅಂತು. ತೊಡೆ ಹಿಂದೆ ನೀಲಿ. ಆಮೇಲೆ ತುಂಬಾ ದಿನ ಆಟ ಇಲ್ಲ. ಅಂದಿನಿಂದ ಎಣ್ಣೆಸ್ನಾನ ಒಂದೇ ನನಗೆ ದೇವರು.

ಫಿಸಿಯೋ_ಶಿವಮೊಗ್ಗ
ಅಯ್ಯೋ. ಅದು ಸ್ನಾಯು ಹರಿದಿದ್ದು. ಟಕ್ ಅಂದು, ನೀಲಿಗಟ್ಟಿ, ನಡೆಯಲು ಕಷ್ಟ ಆದರೆ ಅದೇ ದಿನ ವೈದ್ಯರಿಗೆ ತೋರಿಸಿ. ಟೆಂಡನ್ ಮೂಳೆಯಿಂದ ಪೂರ್ತಿ ಬಿಟ್ಟುಹೋಗಿದ್ದರೆ ತಡ ಮಾಡಿದಷ್ಟೂ ಸರಿಪಡಿಸುವುದು ಕಷ್ಟ. ಹಾಗೇ ಇನ್ನೊಂದು. ಮಂಡಿ ಕೆಳಗೆ ಇಳಿಯುವ ಜೋಮು ಇದ್ದರೆ ಎಳೆಯುವುದು ನಿಲ್ಲಿಸಿ. ಮೂತ್ರ ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ ನೇರ ಎಮರ್ಜೆನ್ಸಿಗೆ ಹೋಗಿ. ಶುಗರ್ ಇರುವವರಿಗೆ ಎರಡೂ ಪಾದ ಜೋಮು ಹಿಡಿದರೆ ಅದು ಬೇರೆಯೇ ವಿಷಯ, ಶುಗರ್ ನೋಡುವ ವೈದ್ಯರಿಗೆ ಹೇಳಿ.

ಚಾಮುಂಡಿತಪ್ಪಲು
ಆಟಕ್ಕೆ ಮೊದಲು ಏನು ಮಾಡಬೇಕು? ನಾವೆಲ್ಲ ಮೊದಲ ಟೀ (ಆಟ ಶುರುವಾಗುವ ಜಾಗ) ಹತ್ತಿರ ನಿಂತು ಕಾಲನ್ನು ಬೆಂಚಿನ ಮೇಲಿಟ್ಟು ಎಳೆಯುತ್ತೇವೆ.

ರೇಂಜ್‌ಮೇಷ್ಟ್ರು
ಅದನ್ನು ಆಟ ಮುಗಿದಮೇಲೆ ಮಾಡಿ. ಬೀಸುವ ಮೊದಲು ತುಂಬಾ ಹೊತ್ತು ಎಳೆದು ಹಿಡಿದರೆ ವೇಗ ಕಡಿಮೆಯಾಗುತ್ತದೆ. ಮೊದಲು ಚುರುಕು ನಡಿಗೆ, ಕ್ಲಬ್ ಊರಿ ಕಾಲು ಹಿಂದೆ ಮುಂದೆ ತೂಗುವುದು, ಕುಂಡಿ ಹಿಂದೆ ತಳ್ಳಿ ಬಾಗುವುದು, ಹೆಜ್ಜೆ ಮುಂದಿಟ್ಟು ಮೈ ತಿರುಗಿಸುವುದು. ಆಮೇಲೆ ವೆಡ್ಜ್‌ನಿಂದ ಅರ್ಧ ಸ್ವಿಂಗ್. ಪಾರ್ಕಿಂಗ್‌ನಿಂದ ನೇರ ಡ್ರೈವರ್ ಬೀಸುವವರನ್ನು ಕಂಡರೆ ನನ್ನ ಬೆನ್ನು ನೋಯುತ್ತದೆ.

ಎಡಗಾಲಿನ ಬಗ್ಗೆಯೂ ಹೇಳುತ್ತೇನೆ. ಬಲಗೈ ಆಟಗಾರನ ಎಡ ಹಿಪ್ ಡೌನ್‌ಸ್ವಿಂಗ್‌ನಲ್ಲಿ ಒಳತಿರುಗಬೇಕು, ಕಾಲು ನೆಟ್ಟಗಾಗಬೇಕು. ಡಬಲ್‌ಬೋಗಿಯವರಿಗೆ ಎಡವೇ ಜಾಸ್ತಿ ಬಿಗಿ. ಎಡ ಪಾದವನ್ನು ಗುರಿಯ ಕಡೆ ಸ್ವಲ್ಪ ತೆರೆದು ನಿಂತು ನೋಡಿ. ಸದ್ಯಕ್ಕೆ ಅಷ್ಟು ಬದಲಾವಣೆಯಿಂದಲೇ ಬೆನ್ನಿಗೆ ಬಿಡುವು ಸಿಗುತ್ತದೆ.

ಕ್ಯಾಡಿಮಗ
ಚೆಂಡು ಎತ್ತುವಾಗ ಅಪ್ಪ ಒಂದು ಕಾಲ ಮೇಲೆ ನಿಂತು, ಇನ್ನೊಂದು ಕಾಲು ಹಿಂದಕ್ಕೆ ಎತ್ತಿ, ಪಟರ್ (ಚೆಂಡನ್ನು ಹೋಲ್‌ಗೆ ಉರುಳಿಸುವ ಕ್ಲಬ್) ಊರಿ ಬಗ್ಗುತ್ತಾರೆ. ಅದೂ ವ್ಯಾಯಾಮವೇ ಅಲ್ವಾ?

ಫಿಸಿಯೋ_ಶಿವಮೊಗ್ಗ
ಖಂಡಿತ. ನಮ್ಮ ಪುಸ್ತಕಗಳಲ್ಲಿ ಅದಕ್ಕೆ ಗಾಲ್ಫರ್ಸ್ ಲಿಫ್ಟ್ ಅಂತಲೇ ಹೆಸರು. ಊರುಗೋಲಿಲ್ಲದೆ, ಕೈಯಲ್ಲಿ ಭಾರ ಹಿಡಿದು ಮಾಡಿದರೆ ಒಂಟಿಕಾಲಿನ ಡೆಡ್‌ಲಿಫ್ಟ್. 18 ಹೋಲ್‌ನಲ್ಲೂ ಕಾಲು ಬದಲಿಸಿ ಹೀಗೇ ಎತ್ತಿ, ಪುಕ್ಕಟೆ ಅಭ್ಯಾಸ.

ಸೋಫಾಸ್ಪೋರ್ಟ್ಸ್
ಹೋಲ್‌ಗೆ ಚೆಂಡು ಬೀಳುವವರಿಗೆ ಮಾತ್ರ.

ಕಾಫಿಬೋಗಿ_ಚಿಕ್ಕಮಗಳೂರು
😂😂 ಡಬಲ್‌ಬೋಗಿ ಅವರೇ, ಇದು ನಿಮ್ಮ ಹೆಸರಿಗೇ ಹೊಡೆದದ್ದು. ದೂರ ಹೊಡೆಯಲಾಗದವರು ಅದಿತಿ ಅಶೋಕ್ ನೋಡಿ ಕಲಿಯಿರಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತನಗಿಂತ ಎಷ್ಟೋ ದೂರ ಹೊಡೆಯುವವರ ಜೊತೆ ಆಡಿ, ಪಟರ್ ಬಲದಲ್ಲಿ ನಾಲ್ಕನೇ ಸ್ಥಾನ. ಬೆಂಗಳೂರಿನ ಹುಡುಗಿ.

ತಾಯಿ_ತುಮಕೂರು
ನಡುವೆ ಬಾಯಿ ಹಾಕುತ್ತಿದ್ದೇನೆ. ಮಗಳಿಗೆ 13. ಗಾಲ್ಫ್ ಕಲಿಯುತ್ತಿದ್ದಾಳೆ. ಒಂದು ವರ್ಷದಿಂದ ಭರಭರ ಉದ್ದ ಬೆಳೆದಿದ್ದಾಳೆ, ತೊಡೆ ಹಿಂದೆ ಬಿಗಿ ಅನ್ನುತ್ತಾಳೆ. ಇದೇ ಕಾರ್ಯಕ್ರಮ ಮಾಡಿಸಬಹುದಾ?

ಫಿಸಿಯೋ_ಶಿವಮೊಗ್ಗ
ಬೆಳೆಯುವ ವಯಸ್ಸಿನಲ್ಲಿ ಮೂಳೆ ಮೊದಲು ಉದ್ದ ಆಗುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಬಿಗಿ ಸಹಜ. ಹಗುರವಾದ ಬಾಗು, ಆಟ, ಓಟ ಸಾಕು. ಜೋರಾಗಿ ಎಳೆಯುವುದು, ಯಾರಾದರೂ ತಳ್ಳುವುದು ಬೇಡವೇ ಬೇಡ. ಆ ವಯಸ್ಸಿನಲ್ಲಿ ಕುಂಡಿ ಮೂಳೆಯ ಬೆಳೆಯುವ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ, ಸ್ನಾಯು ಅದನ್ನೇ ಕಿತ್ತುಕೊಂಡು ಬರಬಹುದು. ಓಡುವಾಗ ಅಥವಾ ಕಾಲು ಎತ್ತಿದಾಗ ತಟ್ಟನೆ ಅಲ್ಲಿ ನೋವು ಬಂದರೆ ಎಕ್ಸ್‌ರೇ ಮಾಡಿಸಿ.

ತಾಯಿ_ತುಮಕೂರು
ತುಂಬಾ ಥ್ಯಾಂಕ್ಸ್ ಮೇಡಂ. ಅವಳ ಕೋಚ್‌ಗೂ ಇದನ್ನೇ ಕಳಿಸುತ್ತೇನೆ.

ಬಂಕರ್‌ಭಟ್ಟ
ಮಗುವಿಗೆ ಎಣ್ಣೆಸ್ನಾನ ಮಾಡಿಸಬಹುದು ತಾನೇ?

ಫಿಸಿಯೋ_ಶಿವಮೊಗ್ಗ
ಮಾಡಿಸಿ ಭಟ್ಟರೇ, ಮಾಡಿಸಿ.